ಎರಡು ದ್ರಾಕ್ಷಿ, ಒಂದು ಹನಿ ರಕ್ತ

ಈ ಸಿನಿಮಾವನ್ನು ಮೊದಲ ಸಲ ಹಾಕಿದಾಗ ಅರ್ಧ ಗಂಟೆಯೂ ನೋಡಲಿಲ್ಲ. ತಪ್ಪು ನನ್ನದೇ. ಡಿವಿಡಿ ಡಬ್ಬಿಯ ಮೇಲೆ ಒಂದು ದೊಡ್ಡ ಮರ, ಅದರ ಮುಂದೆ ಒಬ್ಬ ಪುಟ್ಟ ಹುಡುಗಿ. ಹಿಂದೆ ತಿರುಗಿಸಿದರೆ ರಾಜಕುಮಾರಿ, ಕಿನ್ನರಿ, ಮೂರು ಪರೀಕ್ಷೆ ಅಂತೆಲ್ಲ ಬರೆದಿತ್ತು. ಅಕ್ಕನ ಮಗಳು ಬೇಸಿಗೆ ರಜಕ್ಕೆ ಬಂದಿದ್ದಳು, ಆಗ ಅವಳಿಗೆ ಒಂಬತ್ತು ವರ್ಷ. ಸರಿ, ಅಜ್ಜಿ ಕತೆ ಥರದ್ದು, ಮಗು ಜೊತೆ ಕೂತು ನೋಡಬಹುದು ಅಂದುಕೊಂಡೆ.

ಮಾತು ಸ್ಪ್ಯಾನಿಶ್, ಕೆಳಗೆ ಬರುವ ಅಕ್ಷರ ಇಂಗ್ಲಿಷ್. ಅವಳಿಗೆ ಅಷ್ಟು ಬೇಗ ಓದೋಕೆ ಬರ್ತಿರಲಿಲ್ಲ. ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ. ಒಂದು ಊರಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ, ನೆಲದ ಕೆಳಗೆ ಅವಳ ರಾಜ್ಯ ಇತ್ತಂತೆ... ಚೆನ್ನಾಗೇ ನಡೀತಿತ್ತು. ಆಮೇಲೆ ರಾತ್ರಿಯ ಒಂದು ದೃಶ್ಯ ಬಂತು. ಸೈನಿಕರು ಇಬ್ಬರು ರೈತರನ್ನು ಹಿಡಿದು ತಂದಿದ್ದಾರೆ, ಅಪ್ಪ ಮತ್ತು ಮಗ. ಮೊಲ ಹೊಡೆಯೋಕೆ ಕಾಡಿಗೆ ಹೋಗಿದ್ವಿ ಅಂತಾರೆ. ಕ್ಯಾಪ್ಟನ್ ನಂಬುವುದಿಲ್ಲ. ಅವರ ಚೀಲದಲ್ಲಿದ್ದ ಬಾಟಲಿ ತಗೊಂಡು ಮಗನ ಮುಖಕ್ಕೆ ಜಜ್ಜುತ್ತಾನೆ. ಮತ್ತೆ ಮತ್ತೆ ಜಜ್ಜುತ್ತಾನೆ. ನಾನು ರಿಮೋಟಿಗಾಗಿ ತಡಕಾಡಿ ಟಿವಿ ಆರಿಸುವಷ್ಟರಲ್ಲಿ ನೋಡಬಾರದ್ದನ್ನೆಲ್ಲ ಮಗು ನೋಡಿಯಾಗಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮಾಮ, ಅವರ ಹತ್ರ ನಿಜವಾಗ್ಲೂ ಮೊಲ ಇತ್ತಾ?"

"ಇಲ್ಲ ಪುಟ್ಟಿ, ಅವರು ಸುಳ್ಳು ಹೇಳ್ತಿದ್ರು. ಕೆಟ್ಟವರು. ಅದಕ್ಕೇ ಹೊಡೆದ" ಅಂದೆ.

ಅವಳಿಗೆ ಸಮಾಧಾನವಾಯಿತು. ಅವಳು ಮಲಗಿದ ಮೇಲೆ ನಾನು ಮತ್ತೆ ಹಾಕಿಕೊಂಡು ನೋಡಿದೆ. ಇಬ್ಬರನ್ನೂ ಕೊಂದು ಮುಗಿಸಿದ ಮೇಲೆ ಕ್ಯಾಪ್ಟನ್ ಚೀಲದೊಳಗೆ ಕೈಹಾಕುತ್ತಾನೆ. ಕೈಗೆ ಮೊಲ ಸಿಗುತ್ತೆ.

ಈ ವಿಷಯ ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ. ಹನ್ನೊಂದು ವರ್ಷ ಆದಮೇಲೆ, ಹೋದ ತಿಂಗಳು, ಹಾಸ್ಟೆಲಿನಲ್ಲಿ ಕೂತು ಅವಳೇ ಆ ಸಿನಿಮಾ ಪೂರ್ತಿ ನೋಡಿದ್ದಾಳೆ. ರಾತ್ರಿ ಒಂದು ಗಂಟೆಗೆ ನನಗೊಂದು ಮೆಸೇಜು: "ಮಾಮ, ಮೊಲ ಇತ್ತು."

ಅದಕ್ಕೇ ಈ ಸಲದ ಅಂಕಣ 'ಪ್ಯಾನ್ಸ್ ಲ್ಯಾಬಿರಿಂತ್' ಬಗ್ಗೆ. ಕತೆಯ ಕೊನೆಯನ್ನೂ ಹೇಳಿಬಿಡ್ತೀನಿ, ಹೇಳದೆ ಈ ಚಿತ್ರದ ಬಗ್ಗೆ ಮಾತಾಡೋಕೆ ಆಗಲ್ಲ. ನೋಡಿಲ್ಲದವರು ನೋಡಿಕೊಂಡು ಬನ್ನಿ. ಮಕ್ಕಳನ್ನು ಮಲಗಿಸಿ ನೋಡಿ.

ಚಿತ್ರ ಬಂದದ್ದು 2006ರಲ್ಲಿ. ನಿರ್ದೇಶಕ ಗಿಯೆರ್ಮೊ ದೆಲ್ ತೋರೊ ಮೆಕ್ಸಿಕೋದವನು, ಕತೆ ನಡೆಯುವುದು ಸ್ಪೇನಿನಲ್ಲಿ. ಆರು ವಿಭಾಗಗಳಲ್ಲಿ ಆಸ್ಕರ್‌ಗೆ ಹೆಸರು ಬಂದು, ಛಾಯಾಗ್ರಹಣ, ಕಲಾ ನಿರ್ದೇಶನ, ಮೇಕಪ್ಪು ಹೀಗೆ ಮೂರನ್ನು ಗೆದ್ದಿತು. ಸ್ಪ್ಯಾನಿಶ್ ಹೆಸರಿನ ಅರ್ಥ 'ಫಾನ್‌ನ ಚಕ್ರವ್ಯೂಹ' ಅಂತ. ಫಾನ್ ಅಂದರೆ ಹಳೆಯ ರೋಮನ್ ಕತೆಗಳಲ್ಲಿ ಬರುವ, ಅರ್ಧ ಮನುಷ್ಯ ಅರ್ಧ ಮೇಕೆಯಾದ ಕಾಡಿನ ಜೀವ. ಇಂಗ್ಲಿಷಿನವರು ಅದನ್ನು ಗ್ರೀಕರ ಪ್ಯಾನ್ ದೇವತೆ ಮಾಡಿಬಿಟ್ಟರು.

ಕಾಲ 1944. ಸ್ಪೇನಿನ ಅಂತರ್ಯುದ್ಧ 1936ರಲ್ಲಿ ಶುರುವಾಗಿ 1939ರಲ್ಲಿ ಮುಗಿದಿದೆ. ಫ್ರಾಂಕೊ ಗೆದ್ದಿದ್ದಾನೆ. ಸೋತವರಲ್ಲಿ ಕೆಲವರು ಕಾಡು ಗುಡ್ಡಗಳಲ್ಲಿ ಅಡಗಿಕೊಂಡು ಇನ್ನೂ ಹೋರಾಡ್ತಿದ್ದಾರೆ. ಅವರನ್ನು ಮುಗಿಸೋಕೆ ಒಂದು ಹಳೆಯ ಗಿರಣಿಯಲ್ಲಿ ಕ್ಯಾಪ್ಟನ್ ವಿದಾಲ್ ಠಿಕಾಣಿ ಹೂಡಿದ್ದಾನೆ. ಅವನನ್ನು ಮದುವೆಯಾದ ವಿಧವೆ ಕಾರ್ಮೆನ್ ತುಂಬು ಗರ್ಭಿಣಿ. ಮೊದಲ ಗಂಡ ದರ್ಜಿಯಾಗಿದ್ದ, ಯುದ್ಧದ ಕಾಲದಲ್ಲಿ ತೀರಿಕೊಂಡ. ಅವನ ಮಗಳು ಒಫೀಲಿಯಾಗೆ ಹನ್ನೊಂದೋ ಹನ್ನೆರಡೋ ವರ್ಷ, ಕೈಯಲ್ಲಿ ಯಾವಾಗಲೂ ಕತೆ ಪುಸ್ತಕ. ಗಿರಣಿಯ ಪಕ್ಕದ ಪಾಳುಬಿದ್ದ ಚಕ್ರವ್ಯೂಹದೊಳಗೆ ಅವಳಿಗೆ ಫಾನ್ ಸಿಗುತ್ತಾನೆ. ನೀನು ಪಾತಾಳದ ರಾಜಕುಮಾರಿ, ಹುಣ್ಣಿಮೆಯೊಳಗೆ ಮೂರು ಪರೀಕ್ಷೆ ಗೆದ್ದರೆ ಮನೆಗೆ ವಾಪಸು ಹೋಗಬಹುದು ಅಂತಾನೆ.

ಇದು ಎಷ್ಟು ಹಳೇ ಕತೆ ನೋಡಿ! ಮಲತಂದೆ, ಕಾಡು, ಬೀಗದ ಕೈ, ಮೂರು ಪರೀಕ್ಷೆ. ದೆಲ್ ತೋರೊ ಎಲ್ಲ ಕಡೆಯಿಂದಲೂ ಹೆಕ್ಕಿದ್ದಾನೆ. ಹುಡುಗಿ ಕೆಸರು ಮಾಡಿಕೊಳ್ಳುವ ಹಸಿರು ಲಂಗ, ಬಿಳಿ ಏಪ್ರನ್ನು ನೋಡಿದರೆ ಆಲಿಸ್ ನೆನಪಾಗ್ತಾಳೆ. ಕೊನೆಯಲ್ಲಿ ಕಾಲಿಗೆ ಬರುವ ಕೆಂಪು ಚಪ್ಪಲಿ ನೋಡಿದರೆ 1939ರ 'ವಿಜರ್ಡ್ ಆಫ್ ಆಜ್' ಚಿತ್ರದ ಡೊರೊಥಿ. ಪಾತಾಳದಲ್ಲಿ ತಿನ್ನಬಾರದು ಅನ್ನೋದು ಗ್ರೀಕರ ಪರ್ಸೆಫೋನಿ ಕತೆ. ಕ್ಯಾಪ್ಟನ್ನಿಗೆ ತನ್ನ ಅಪ್ಪನ ಒಡೆದ ಗಡಿಯಾರದ ಮೇಲೆ ಪ್ರಾಣ. ಸಾಯುವ ಹೊತ್ತು ಮಗನಿಗೆ ತಿಳಿಯಲಿ ಅಂತ ಆ ಅಪ್ಪ ಅದನ್ನು ನೆಲಕ್ಕೆ ಬಡಿದು ನಿಲ್ಲಿಸಿದ್ದನಂತೆ. ನಮ್ಮ ಕಡೆ ಅಜ್ಜಿಯಂದಿರು ಹೇಳ್ತಿದ್ದರಲ್ಲ, ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಅಂತ, ನನಗೆ ಅದೇ ನೆನಪಾಯ್ತು.

ಆದರೆ ಇಷ್ಟೇ ಆಗಿದ್ದರೆ ಇದೊಂದು ಚೆಂದದ ಕಲಸುಮೇಲೋಗರ ಆಗ್ತಿತ್ತು. ಇದು ಅದಕ್ಕಿಂತ ದೊಡ್ಡದಾಗುವುದು ಆ ಹಳೇ ಕತೆಗಳ ಜೊತೆ ಜಗಳಕ್ಕೆ ನಿಲ್ಲುವುದರಿಂದ.

ಜಗಳ ಯಾವುದರ ಬಗ್ಗೆ? ಮಾತು ಕೇಳುವುದರ ಬಗ್ಗೆ. ಈ ಕತೆಗಳಲ್ಲಿ ಎಷ್ಟೊಂದು ನಮಗೆ ಹೇಳಿಕೊಟ್ಟಿದ್ದು ಅದನ್ನೇ ಅಲ್ಲವೇ? 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಬರೆದ ಕೆಂಪು ಟೋಪಿಯ ಹುಡುಗಿ ತೋಳದ ಹೊಟ್ಟೆಗೆ ಹೋಗ್ತಾಳೆ, ಅಲ್ಲಿಗೆ ಮುಗೀತು. ಕಾಪಾಡೋಕೆ ಯಾರೂ ಬರಲ್ಲ. 1812ರಲ್ಲಿ ಗ್ರಿಮ್ ಸಹೋದರರು ಅವಳನ್ನು ಹೊಟ್ಟೆಯಿಂದ ಹೊರಗೆ ತೆಗೆದರು, ತೆಗೆದು ಇನ್ನು ಮೇಲೆ ದಾರಿ ಬಿಟ್ಟು ಹೋಗಲ್ಲ ಅಂತ ಅವಳ ಕೈಲೇ ಅನ್ನಿಸಿದರು. ಪೆರೋನ ನೀಲಿಗಡ್ಡದವನ ಕತೆಯಲ್ಲಿ ಒಂದು ಕೋಣೆ ಮಾತ್ರ ತೆಗೆಯಬೇಡ ಅಂತ ಹೆಂಡತಿಗೆ ಬೀಗದ ಕೈ ಕೊಡ್ತಾನೆ. ತೆಗೆದಳು, ಬೀಗದ ಕೈಗೆ ರಕ್ತ ಹತ್ತಿತು, ತೊಳೆದರೂ ಹೋಗಲಿಲ್ಲ. ಹೇಳಿದಂತೆ ಕೇಳು, ಇಲ್ಲದಿದ್ದರೆ ಅನುಭವಿಸು.

ಈಗ ಸಿನಿಮಾದ ಎರಡನೇ ಪರೀಕ್ಷೆಗೆ ಬನ್ನಿ. ಒಫೀಲಿಯಾ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬಾಗಿಲು ಬರೆದು ಒಳಗೆ ಹೋಗ್ತಾಳೆ. ಉದ್ದನೆಯ ಮೇಜಿನ ತುಂಬ ಊಟ. ಮೇಜಿನ ತುದಿಯಲ್ಲಿ ಕೂತಿರುವುದು ಬಿಳುಚಿಕೊಂಡ, ಚರ್ಮ ಜೋತಾಡುವ, ಕಣ್ಣಿಲ್ಲದ ಒಂದು ಆಕೃತಿ. ಅದರ ಕಣ್ಣುಗುಡ್ಡೆಗಳು ಎದುರಿನ ತಟ್ಟೆಯಲ್ಲಿವೆ. ಮೂಲೆಯಲ್ಲಿ ಮಕ್ಕಳ ಚಪ್ಪಲಿಗಳ ರಾಶಿ. ಹಿಟ್ಲರನ ಸಾವಿನ ಶಿಬಿರಗಳ ಫೋಟೋ ನೋಡಿದ್ದವರಿಗೆ ಆ ರಾಶಿ ಯಾಕಿದೆ ಅಂತ ಬೇರೆ ಹೇಳಬೇಕಿಲ್ಲ. ಫಾನ್ ಮೊದಲೇ ಹೇಳಿ ಕಳಿಸಿದ್ದಾನೆ: ಏನನ್ನೂ ತಿನ್ನಬೇಡ.

ಇಲ್ಲಿ ಒಂದೇ ದೃಶ್ಯದಲ್ಲಿ ಹುಡುಗಿ ಎರಡು ಸಲ ಮಾತು ಮೀರುತ್ತಾಳೆ. ಗೋಡೆಯಲ್ಲಿ ಮೂರು ಪುಟ್ಟ ಬಾಗಿಲುಗಳಿವೆ. ಜೊತೆಗೆ ಬಂದ ಕಿನ್ನರಿಗಳು ಒಂದನ್ನು ತೋರಿಸುತ್ತವೆ, ಅವಳು ಅದಲ್ಲ ಅಂತ ಇನ್ನೊಂದಕ್ಕೆ ಬೀಗದ ಕೈ ಹಾಕ್ತಾಳೆ. ಅವಳ ಊಹೆಯೇ ಸರಿ, ಒಳಗೆ ಕಠಾರಿ ಸಿಗುತ್ತೆ. ವಾಪಸು ಬರುವಾಗ ದ್ರಾಕ್ಷಿ ಕಾಣುತ್ತೆ. ಕಿನ್ನರಿಗಳು ಬೇಡ ಬೇಡ ಅಂದರೂ ಒಂದು ಕಿತ್ತು ತಿಂತಾಳೆ, ಇನ್ನೊಂದು ತಿಂತಾಳೆ. ಆ ಆಕೃತಿ ಎದ್ದು, ಕಣ್ಣುಗಳನ್ನು ಅಂಗೈಗೆ ಸಿಕ್ಕಿಸಿಕೊಂಡು ಬೆನ್ನಟ್ಟುತ್ತೆ. ಎರಡು ಕಿನ್ನರಿಗಳ ತಲೆ ಕಚ್ಚಿ ತಿನ್ನುತ್ತೆ. ಸ್ಪೇನಿನ ಚಿತ್ರಕಾರ ಗೋಯಾ ಮುದಿ ವಯಸ್ಸಿನಲ್ಲಿ ತನ್ನ ಮನೆಯ ಗೋಡೆಯ ಮೇಲೆ ಬರೆದ, ಮಗನನ್ನೇ ತಿನ್ನುವ ಸ್ಯಾಟರ್ನ್ ಚಿತ್ರವನ್ನು ನೋಡಿದವರು ಆ ಕಚ್ಚುವ ಭಂಗಿಯನ್ನು ಗುರುತು ಹಿಡಿಯುತ್ತಾರೆ.

ಅಂದರೆ ಚಿತ್ರ ಹೇಳ್ತಿರೋದು ಮಾತು ಮೀರಿದರೆ ಒಳ್ಳೇದು ಅಂತಲೂ ಅಲ್ಲ, ಕೆಟ್ಟದ್ದು ಅಂತಲೂ ಅಲ್ಲ. ಒಂದು ಸಲ ಮೀರಿ ಗೆದ್ದಳು, ಒಂದು ಸಲ ಮೀರಿ ಎರಡು ಜೀವ ಕಳೆದಳು. ದ್ರಾಕ್ಷಿ ತಿಂದದ್ದಕ್ಕೆ ಅವಳನ್ನು ಬೈಯುವವರು ತುಂಬ ಜನ. ಅಷ್ಟು ಹೇಳಿದ್ದರೂ ತಿಂದಳಲ್ಲ, ದಡ್ಡಿ ಅಂತ. ಬೈಯುವ ಮುಂಚೆ ಒಂದು ವಿಷಯ ನೆನಪಿರಲಿ. ಸ್ಪೇನಿನಲ್ಲಿ ಆ ವರ್ಷಗಳಿಗೆ ಹಸಿವಿನ ವರ್ಷಗಳು ಅಂತಲೇ ಹೆಸರು. ಅಲ್ಲಿ ರೇಷನ್ ಪದ್ಧತಿ 1952ರವರೆಗೂ ಇತ್ತು. ಚಿತ್ರದಲ್ಲಿ ಊರವರು ಬ್ರೆಡ್ಡಿಗೆ ಸಾಲು ನಿಲ್ಲುತ್ತಾರೆ. ಕ್ಯಾಪ್ಟನ್ನಿನ ಮೇಜಿನ ಮೇಲೆ ಮಾತ್ರ ಔತಣ. ಅದಕ್ಕೆ ಬಂದವರು ಪಾದ್ರಿ, ಊರ ದೊಡ್ಡವರು. ಜನರ ರೇಷನ್ ಇನ್ನೂ ಕಡಿಮೆ ಮಾಡುವ ತೀರ್ಮಾನ ಆಗುವುದು ಆ ಊಟದ ನಡುವೆಯೇ. ಬಟ್ಟೆ ಕೊಳೆ ಮಾಡಿಕೊಂಡಳು ಅಂತ ಅದೇ ರಾತ್ರಿ ಒಫೀಲಿಯಾಗೆ ಊಟ ಇಲ್ಲ. ಕ್ಯಾಪ್ಟನ್ ಮೇಜಿನ ತುದಿಯಲ್ಲಿ ಕೂತಿದ್ದಾನೆ, ಹಿಂದೆ ಬೆಂಕಿಗೂಡು. ಆಮೇಲೆ ಆ ಬಿಳುಚು ಆಕೃತಿಯೂ ಹಾಗೇ ಮೇಜಿನ ತುದಿಯಲ್ಲಿ, ಹಿಂದೆ ಬೆಂಕಿ. ಯಾರು ಯಾರು ಅಂತ ಬಾಯಿಬಿಟ್ಟು ಹೇಳಲ್ಲ. ಒಂದೇ ಥರ ಕೂರಿಸ್ತಾನೆ, ಅಷ್ಟೆ.

ಇನ್ನೊಂದು ಸಂಗತಿ ನನಗೆ ಎರಡನೇ ಸಲ ನೋಡಿದಾಗ ಹೊಳೆಯಿತು. ಈ ಚಿತ್ರದಲ್ಲಿ ಪರೀಕ್ಷೆ ಕೊಡೋದು ಫಾನ್ ಒಬ್ಬನೇ ಅಲ್ಲ. ಕ್ಯಾಪ್ಟನ್ನೂ ಕೊಡ್ತಾನೆ. ಸೆರೆ ಸಿಕ್ಕ ಬಂಡುಕೋರನೊಬ್ಬ ತೊದಲ. ಅವನಿಗೆ ಕ್ಯಾಪ್ಟನ್ ಹೇಳ್ತಾನೆ: ತೊದಲದೆ ಮೂರರವರೆಗೆ ಎಣಿಸು, ಬಿಟ್ಟುಬಿಡ್ತೀನಿ. ಒಂದು ಬಂತು. ಎರಡು ಹೇಗೋ ಬಂತು. ಮೂರಕ್ಕೆ ನಾಲಿಗೆ ಕಚ್ಚಿಕೊಂಡಿತು. ಮೂರು ಬಾಗಿಲು, ಮೂರು ಕಿನ್ನರಿ, ಮೂರು ಪರೀಕ್ಷೆ ಇರುವ ಕತೆಯಲ್ಲಿ ಇದೂ ಒಂದು ಮೂರು. ಅಜ್ಜಿ ಕತೆಯಲ್ಲಿ ಮೂರನೆಯದಕ್ಕೆ ಬಾಗಿಲು ತೆರೆಯುತ್ತೆ. ಕ್ಯಾಪ್ಟನ್ನಿನ ಕತೆಯಲ್ಲಿ ಮೂರನೆಯದು ಯಾವತ್ತೂ ಬರದ ಹಾಗೆ ಮೊದಲೇ ಏರ್ಪಾಡಾಗಿದೆ. ಸೆರ್ಗಿ ಲೋಪೆಜ್ ಈ ದೃಶ್ಯವನ್ನು ದನಿ ಏರಿಸದೆ, ಮೇಷ್ಟ್ರು ಹುಡುಗನನ್ನು ಎದ್ದು ನಿಲ್ಲಿಸಿದ ಹಾಗೆ ಮಾಡಿದ್ದಾನೆ. ಬಾಟಲಿಯ ದೃಶ್ಯಕ್ಕಿಂತ ನನಗೆ ಇದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ಚಿತ್ರಹಿಂಸೆಯಾದ ಮೇಲೆ ಆ ತೊದಲನನ್ನು ಉಳಿಸಿಕೊಳ್ಳಲು ಡಾಕ್ಟರ್ ಫೆರೆಯ್ರೊನನ್ನು ಕರೆಸುತ್ತಾರೆ. ಇನ್ನಷ್ಟು ಹಿಂಸೆ ಕೊಡೋಕೆ ಅವನು ಬದುಕಿರಬೇಕಲ್ಲ. ಅವನೇ ಕೇಳಿಕೊಂಡದ್ದರಿಂದ ಡಾಕ್ಟರು ಇಂಜೆಕ್ಷನ್ ಕೊಟ್ಟು ಸಾವನ್ನೇ ಕೊಡ್ತಾನೆ. ನನ್ನ ಆಜ್ಞೆ ಯಾಕೆ ಪಾಲಿಸಲಿಲ್ಲ ಅಂತ ಕ್ಯಾಪ್ಟನ್ ಕೇಳಿದರೆ ಡಾಕ್ಟರ ಉತ್ತರದ ಸಾರ ಇಷ್ಟು: ಪ್ರಶ್ನೆ ಮಾಡದೆ, ಯೋಚನೆಯೇ ಇಲ್ಲದೆ ಪಾಲಿಸುವುದು ನಿಮ್ಮಂಥವರಿಗೆ ಮಾತ್ರ ಸಾಧ್ಯ. ಹೇಳಿ, ಬ್ಯಾಗು ಎತ್ತಿಕೊಂಡು ಹೊರಗೆ ನಡೆಯುತ್ತಾನೆ. ಬೆನ್ನಿಗೆ ಗುಂಡು ಬೀಳುತ್ತೆ. ಇಡೀ ಚಿತ್ರ ನಿಂತಿರುವುದು ಈ ಮಾತಿನ ಮೇಲೆ. ಇದನ್ನು ಹೇಳಿದವನು ವೀರನೂ ಅಲ್ಲ, ರಾಜಕುಮಾರಿಯೂ ಅಲ್ಲ. ಕೈ ನಡುಗುವ, ಕನ್ನಡಕದ ನಡುವಯಸ್ಸಿನ ಡಾಕ್ಟರು.

ಈಗ ಮೂರನೇ ಪರೀಕ್ಷೆ. ದ್ರಾಕ್ಷಿ ತಿಂದದ್ದಕ್ಕೆ ಸಿಟ್ಟು ಮಾಡಿಕೊಂಡು ಹೋಗಿದ್ದ ಫಾನ್ ವಾಪಸು ಬರ್ತಾನೆ. ಇನ್ನೊಂದೇ ಅವಕಾಶ, ಪ್ರಶ್ನೆ ಕೇಳದೆ ನಾನು ಹೇಳಿದ್ದು ಮಾಡಬೇಕು, ಒಪ್ಪಿಗೆಯಾ ಅಂತಾನೆ. ಅಮ್ಮ ಹೆರಿಗೆಯಲ್ಲಿ ಸತ್ತಿದ್ದಾಳೆ, ಜಗತ್ತಿನಲ್ಲಿ ಅವಳಿಗೆ ಉಳಿದಿರುವವರು ಯಾರು? ಹುಡುಗಿ ತಲೆ ಆಡಿಸುತ್ತಾಳೆ. ಹಾಲುಗಲ್ಲದ ತಮ್ಮನನ್ನು ಎತ್ತಿಕೊಂಡು ಚಕ್ರವ್ಯೂಹದ ನಡುವಿಗೆ ಓಡಿ ಬರ್ತಾಳೆ. ಅಲ್ಲಿ ಫಾನ್ ಕಠಾರಿ ಹಿಡಿದು ನಿಂತಿದ್ದಾನೆ. ಬಾಗಿಲು ತೆರೆಯೋಕೆ ನಿಷ್ಪಾಪಿಯ ರಕ್ತ ಬೇಕು, ಒಂದೇ ಹನಿ, ಸೂಜಿ ಚುಚ್ಚಿದಷ್ಟು ಸಾಕು ಅಂತಾನೆ. ಅವಳು ಕೊಡಲ್ಲ. ಅಲ್ಲಿಗೆ ಬಂದ ಕ್ಯಾಪ್ಟನ್ ಮಗುವನ್ನು ಕಿತ್ತುಕೊಂಡು ಅವಳಿಗೆ ಗುಂಡು ಹೊಡೀತಾನೆ.

ಮೆಸೇಜಿನ ಮಾರನೇ ದಿನ ಸೊಸೆ ಫೋನು ಮಾಡಿ ಕೇಳಿದ್ದು ಇದನ್ನೇ. "ಮಾಮ, ಅವಳು ಮಾತು ಕೊಟ್ಟಿದ್ಳಲ್ವಾ? ಕೊಟ್ಟ ಮಾತು ತಪ್ಪಿದ್ದು ಸರೀನಾ? ನಮಗೆ ಪುಣ್ಯಕೋಟಿ ಕತೆ ಹೇಳಿ ಬೆಳೆಸಿದ್ದು ನೀವೇ."

ಒಳ್ಳೇ ಪ್ರಶ್ನೆ. ಗೋವಿನ ಹಾಡಿನ ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು, ಕೊಟ್ಟ ಮಾತಿಗಾಗಿ ಹುಲಿಯ ಹತ್ತಿರ ವಾಪಸು ಹೋಗುತ್ತೆ. ಒಫೀಲಿಯಾ ಕೊಟ್ಟ ಮಾತನ್ನು ಮುರಿದು ಸಾಯುತ್ತಾಳೆ. ಮೇಲ್ನೋಟಕ್ಕೆ ಒಂದಕ್ಕೊಂದು ಉಲ್ಟಾ. ಆದರೆ ಸ್ವಲ್ಪ ನಿಧಾನಿಸಿ ನೋಡಿ. ಪುಣ್ಯಕೋಟಿ ಕೊಟ್ಟ ಮಾತಿನಲ್ಲಿ ಪಣಕ್ಕಿಟ್ಟಿದ್ದು ತನ್ನ ಮೈಯನ್ನು. ಹುಲಿ ಕರುವನ್ನು ಕೇಳಿದ್ದರೆ? ಆ ಹಸು ಆಗಲೂ ಮಾತಿಗೆ ನಿಲ್ಲುತ್ತಿತ್ತಾ? ನನಗೇನೋ ಅನುಮಾನ. ಫಾನ್ ಕೇಳುತ್ತಿರುವುದು ಕರುವನ್ನು. ಇನ್ನೊಬ್ಬರ ಮೈ ಮೇಲೆ ನಾವು ಮಾತು ಕೊಡೋಕಾಗಲ್ಲ, ಕೊಟ್ಟಿದ್ದರೆ ಅದು ಮಾತೇ ಅಲ್ಲ. ಅವಳಿಗೆ ನಾನು ಹೇಳಿದ್ದು ಇಷ್ಟೇ. ಇನ್ನೊಂದು ವ್ಯತ್ಯಾಸ ಇದೆ, ಅದನ್ನು ಹೇಳಲಿಲ್ಲ. ನಮ್ಮ ಕತೆಯ ಹುಲಿಗೆ ನಾಚಿಕೆಯಾಗುತ್ತೆ, ಹಾರಿ ಪ್ರಾಣ ಬಿಡುತ್ತೆ. 1944ರ ಸ್ಪೇನಿನ ಹುಲಿಗೆ ನಾಚಿಕೆ ಇಲ್ಲ.

ಇಷ್ಟು ಮೆಚ್ಚಿಕೊಂಡ ಮೇಲೂ ನನ್ನದೊಂದು ತಕರಾರಿದೆ. ಸಾಯುತ್ತಿರುವ ಹುಡುಗಿ ಕಣ್ಣು ಬಿಟ್ಟರೆ ಬಂಗಾರದ ಬೆಳಕಿನ ಸಭೆ. ಎತ್ತರದ ಸಿಂಹಾಸನಗಳ ಮೇಲೆ ಅಪ್ಪ ರಾಜ, ಅಮ್ಮ ರಾಣಿ. ತಮ್ಮನ ರಕ್ತ ಕೊಡದೆ ನಿನ್ನ ರಕ್ತ ಕೊಟ್ಟೆಯಲ್ಲ, ಅದೇ ಕೊನೆಯ ಪರೀಕ್ಷೆ, ಎಲ್ಲಕ್ಕಿಂತ ಮುಖ್ಯವಾದದ್ದು ಅಂತ ರಾಜ ಹೇಳ್ತಾನೆ. ಸುತ್ತ ಚಪ್ಪಾಳೆ. ನನಗೆ ಇಲ್ಲಿ ಕಸಿವಿಸಿ. ಆಜ್ಞೆ ಮೀರಿದ್ದೇ ಪರೀಕ್ಷೆಯಾಗಿದ್ದರೆ ಅದು ಮೀರಿದ ಹಾಗೆ ಹೇಗಾಯ್ತು? ಅದೂ ಮೇಲಿನವರ ಇಷ್ಟದಂತೆಯೇ ನಡೆದ ಹಾಗಾಯ್ತಲ್ಲ. ಅವಳು 'ಇಲ್ಲ' ಅಂದಾಗ ಅದಕ್ಕೆ ಬಹುಮಾನ ಇದೆ ಅಂತ ಗೊತ್ತಿರಲಿಲ್ಲ. ಆ 'ಇಲ್ಲ'ದ ತೂಕ ಇರುವುದು ಅಲ್ಲೇ. ರಾಜ ಕೆಳಗಿಳಿದು ಅಂಕ ಕೊಡಬೇಕಿರಲಿಲ್ಲ. ಅದೂ ಅಲ್ಲದೆ, ಒಬ್ಬ ಸರ್ವಾಧಿಕಾರಿಯ ವಿರುದ್ಧ ಇಷ್ಟು ಹೊತ್ತು ಮಾತಾಡಿದ ಚಿತ್ರಕ್ಕೆ ಸ್ವರ್ಗ ಅಂದರೆ ಮತ್ತೆ ಸಿಂಹಾಸನವೇ ಕಾಣಬೇಕಾ? ದರ್ಜಿಯ ಮಗಳು ದರ್ಜಿಯ ಮಗಳಾಗಿಯೇ ಮನೆಗೆ ಹೋಗಬಹುದಿತ್ತು.

ಹಾಗಾದರೆ ಪಾತಾಳ ನಿಜವೋ, ಅವಳ ಕಲ್ಪನೆಯೋ? ಎರಡಕ್ಕೂ ಸಾಕ್ಷಿ ಇದೆ. ಕ್ಯಾಪ್ಟನ್ ನೋಡಿದಾಗ ಅವಳು ಗಾಳಿಯ ಜೊತೆ ಮಾತಾಡ್ತಿದ್ದಾಳೆ, ಫಾನ್ ಅವನಿಗೆ ಕಾಣಲ್ಲ. ಆದರೆ ಬೀಗ ಹಾಕಿದ ಕೋಣೆಯಿಂದ ಅವಳು ಹೊರಗೆ ಬಂದದ್ದು ಹೇಗೆ? ಸೀಮೆಸುಣ್ಣದ ಬಾಗಿಲಲ್ಲದೆ ಬೇರೆ ದಾರಿ ಇರಲಿಲ್ಲ. ನಿರ್ದೇಶಕನ ಮಟ್ಟಿಗೆ ಪಾತಾಳ ನಿಜ, ಅದನ್ನವನು ಸಂದರ್ಶನಗಳಲ್ಲಿ ಹೇಳಿದ್ದಾನೆ. ನನಗೆ ಈ ಚರ್ಚೆಯಲ್ಲಿ ಹೆಚ್ಚು ಆಸಕ್ತಿ ಇಲ್ಲ. ಯಾಕೆಂದರೆ ಈ ಚಿತ್ರದ ನಿಜವಾದ ಕಟ್ಟುಕತೆ ಪಾತಾಳದ್ದಲ್ಲ, ಮೇಲಿನದ್ದು.

ಕೊನೆಯಲ್ಲಿ ಏನಾಗುತ್ತೆ ನೋಡಿ. ಬಂಡುಕೋರರು ಗಿರಣಿಯನ್ನು ಗೆಲ್ಲುತ್ತಾರೆ. ಕ್ಯಾಪ್ಟನ್ ಮಗುವನ್ನು ಅವರ ಕೈಗೆ ಕೊಟ್ಟು, ಗಡಿಯಾರ ತೆಗೆದು, ನಾನು ಸತ್ತ ಹೊತ್ತನ್ನು ನನ್ನ ಮಗನಿಗೆ ಹೇಳಿ ಅಂತ ಶುರು ಮಾಡ್ತಾನೆ. ಅಡುಗೆಮನೆಯ ಮೆರ್ಸೆದೆಸ್, ಇಷ್ಟು ದಿನ ಅವನ ಮೂಗಿನ ಕೆಳಗೇ ಬಂಡುಕೋರರಿಗೆ ಊಟ ಔಷಧಿ ಸಾಗಿಸುತ್ತಿದ್ದ ಹೆಂಗಸು, ಅವನ ಮಾತನ್ನು ಅಲ್ಲಿಗೇ ತುಂಡರಿಸುತ್ತಾಳೆ: ಅವನಿಗೆ ನಿನ್ನ ಹೆಸರೂ ಗೊತ್ತಾಗಲ್ಲ. ರಾಕ್ಷಸ ಸತ್ತ, ಗಿಳಿಯ ಕತ್ತು ಮುರಿಯಿತು. ಪ್ರೇಕ್ಷಕರಿಗೆ ಉಸಿರು ಬಂತು.

ಚರಿತ್ರೆಯಲ್ಲಿ ಹಾಗಾಗಲಿಲ್ಲ. ಜೂನ್ 1944ರಲ್ಲಿ ಮಿತ್ರರಾಷ್ಟ್ರಗಳು ನಾರ್ಮಂಡಿಯಲ್ಲಿ ಇಳಿದವು, ಮುಂದೆ ಹಿಟ್ಲರನನ್ನು ಸೋಲಿಸಿದವು. ನಮ್ಮನ್ನೂ ಬಿಡಿಸೋಕೆ ಬರ್ತಾರೆ ಅಂತ ಕಾಡಿನಲ್ಲಿದ್ದವರು ಕಾದರು. ಯಾರೂ ಬರಲಿಲ್ಲ. ಫ್ರಾಂಕೊ 1975ರ ನವೆಂಬರಿನಲ್ಲಿ ಸಾಯುವವರೆಗೂ ಆಳಿದ. ಆ ಗಿರಣಿಯನ್ನು ಗೆದ್ದವರು ಆಮೇಲೆ ಎಷ್ಟು ದಿನ ಬದುಕಿದ್ದಾರು? ಆ ಕೂಸಿಗೆ ಅಪ್ಪನ ಹೆಸರು ಗೊತ್ತಾಗಲಿಲ್ಲ ಅನ್ನೋದನ್ನು ನಂಬೋದು, ಅವರಕ್ಕ ಪಾತಾಳಕ್ಕೆ ರಾಜಕುಮಾರಿಯಾದಳು ಅನ್ನೋದನ್ನು ನಂಬಿದಷ್ಟೇ ಕಷ್ಟ. ದೆಲ್ ತೋರೊಗೆ ಇದು ಗೊತ್ತಿಲ್ಲದೆ ಇಲ್ಲ. ಅದಕ್ಕೇ ಚಿತ್ರ ಶುರುವಾಗುವುದೇ ನೆಲದ ಮೇಲೆ ಬಿದ್ದ ಹುಡುಗಿಯಿಂದ. ಅವಳ ಮೂಗಿನ ರಕ್ತ ಹಿಮ್ಮುಖವಾಗಿ ಒಳಗೆ ಹೋಗುತ್ತೆ, ಕತೆ ಅಲ್ಲಿಂದ ಬಿಚ್ಚಿಕೊಳ್ಳುತ್ತೆ. ರಕ್ತ ಹಿಂದಕ್ಕೆ ಹರಿಯುವುದು ಸಿನಿಮಾದಲ್ಲಿ ಮಾತ್ರ ಅಂತ ಮೊದಲ ನಿಮಿಷದಲ್ಲೇ ಹೇಳಿಬಿಟ್ಟಿದ್ದಾನೆ.

ಮತ್ತೆ ಮೊಲಕ್ಕೆ ಬರ್ತೀನಿ. ಅವತ್ತು ನಾನು ಸುಳ್ಳು ಹೇಳಿದ್ದು ಮಗು ಹೆದರಬಾರದು ಅಂತ. ಹಾಗಂತ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಯೋಚಿಸಿದರೆ ಹೆದರಿಕೆ ನನ್ನದೂ ಆಗಿತ್ತು. ತಪ್ಪು ಮಾಡದವರಿಗೂ ಹೀಗಾಗುತ್ತೆ ಅಂತ ಮಗುವಿಗೆ ಹೇಳೋಕೆ ಬಾಯಿ ಬರಲಿಲ್ಲ. ಹೊಡೆದವನ ಕಡೆಯಿಂದ ನಾನೇ ಒಂದು ಕಾರಣ ಹುಟ್ಟಿಸಿ ಕೊಟ್ಟೆ. ಆ ಕ್ಯಾಪ್ಟನ್ ತನ್ನ ಪರವಾಗಿ ಹೇಳಿಕೊಳ್ಳದ ಸುಳ್ಳನ್ನು ನಾನು ಅವನಿಗಾಗಿ ಹೇಳಿದೆ. ಅವನಂತೂ ಮೊಲವನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನು ಮೇಲೆ ಸರಿಯಾಗಿ ತಪಾಸಣೆ ಮಾಡಿ ನನ್ನ ಹತ್ರ ಬನ್ನಿ ಅಂತ ತನ್ನವರಿಗೇ ಗದರುತ್ತಾನೆ.

ಮಕ್ಕಳಿಗೆ ಎಂಥ ಕತೆ ಹೇಳಬೇಕು ಅಂತ ನನ್ನನ್ನು ಕೇಳಬೇಡಿ. ಒಂಬತ್ತು ವರ್ಷದ ಮಗುವಿಗೆ ಈ ಚಿತ್ರ ತೋರಿಸಬಾರದು, ಅದು ಖಂಡಿತ. ತೋರಿಸಿದ ತಪ್ಪಿಗೆ ಅಕ್ಕ ನನಗೆ ಒಂದು ವಾರ ಬೈದಿದ್ದಳು. ಆದರೆ ಮಗು ಕೇಳಿದಾಗ 'ನನಗೆ ಗೊತ್ತಿಲ್ಲ ಪುಟ್ಟಿ, ಇದ್ದರೂ ಇರಬಹುದು' ಅಂತ ಹೇಳಬಹುದಿತ್ತು. ಅಷ್ಟು ಹೇಳೋಕೆ ಧೈರ್ಯವೇನೂ ಬೇಕಿರಲಿಲ್ಲ.

ಅವಳ ಮೆಸೇಜಿಗೆ ನಾನು ಮೂರು ಸಲ ಉತ್ತರ ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು: "ಹೌದು ಪುಟ್ಟಿ, ಇತ್ತು. ನನಗೆ ಅವತ್ತೇ ರಾತ್ರಿ ಗೊತ್ತಾಯ್ತು."

ಸ್ವಲ್ಪ ಹೊತ್ತು ಬಿಟ್ಟು ಅವಳ ಉತ್ತರ ಬಂತು: "ನಂಗೂ ಅವತ್ತೇ ಅನ್ಸಿತ್ತು ಮಾಮ. ನೀವು ಹೇಳಿದ್ರಿ ಅಂತ ಸುಮ್ನಿದ್ದೆ."